ಮೇಷ್ಟ್ರ ಕುರ್ಚಿಗೆ ಮೆಷೀನು ಬರುತ್ತಂತೆ... ಚರ್ಚೆ ಮಾಡಿ, ಆದರೆ ಬಾಯಿಪಾಠ ಬೇಡ!

ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ, ಮುಖ್ಯರಸ್ತೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಕೆಳಗೆ ಬೇಕರಿ, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ, ಮೇಲಿನ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಮೂವತ್ತು ದಿನದಲ್ಲಿ ಇಂಗ್ಲಿಷ್, ನಲವತ್ತೈದು ದಿನದಲ್ಲಿ ಇಂಟರ್‌ವ್ಯೂ! ಸಂಜೆ ಆರರ ಮೇಲೆ ಆ ಮೆಟ್ಟಿಲು ಹತ್ತುವವರು ಯಾರು? ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಡಿಗ್ರಿ ಮಾಡಿ, ಕೆಲಸಕ್ಕೆ ಅಲೆಯುತ್ತಿರುವ ನಮ್ಮ ಹುಡುಗರು. ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಲೇ ಮೇಲಿನ ಕೆಲಸಕ್ಕೆ ಕಣ್ಣಿಟ್ಟಿರುವ ನಮ್ಮ ಹೆಣ್ಣುಮಕ್ಕಳು. ಸಂದರ್ಶನದ ಮೊದಲ ಸುತ್ತಿನಲ್ಲೇ ನಾಲಿಗೆ ತೊದಲಿ ಹೊರಬಿದ್ದವರು. ಇವರು ಶೋಕಿಗೆ ಬಂದವರಲ್ಲ, ಹೊಟ್ಟೆಪಾಡಿಗೆ ಬಂದವರು.

ಆ ಕ್ಲಾಸುಗಳಲ್ಲಿ ಈಗ ಒಂದು ಹೊಸ ಚರ್ಚಾ ವಿಷಯ ಚಾಲ್ತಿಗೆ ಬಂದಿದೆ. 'ವಿಲ್ ಎಐ ರಿಪ್ಲೇಸ್ ಟೀಚರ್ಸ್?' ಅಂದರೆ, ಕೃತಕ ಬುದ್ಧಿಮತ್ತೆ ಮೇಷ್ಟ್ರ ಜಾಗಕ್ಕೆ ಬಂದು ಕೂರುತ್ತದೆಯೇ? ಗ್ರೂಪ್ ಡಿಸ್ಕಷನ್‌ಗೆ ಇದೇ ವಿಷಯ, ಕ್ಯಾಂಪಸ್ ಸಂದರ್ಶನದ ತಯಾರಿಗೂ ಇದೇ, ವಿದೇಶಕ್ಕೆ ಹೊರಟವರ ಮಾತಿನ ಪರೀಕ್ಷೆಯ ಅಭ್ಯಾಸಕ್ಕೂ ಇದೇ.

ವಿಷಯ ಒಳ್ಳೆಯದೇ. ನಮ್ಮ ತಕರಾರು ವಿಷಯದ ಮೇಲಲ್ಲ, ಅದನ್ನು ಕಲಿಸುತ್ತಿರುವ ರೀತಿಯ ಮೇಲೆ. ಇಂಗ್ಲಿಷ್ ಕಲಿಯಬೇಡಿ ಎಂದು ಬೋಧನೆ ಮಾಡಲು ಈ ಅಂಕಣ ಮೀಸಲಿಟ್ಟಿಲ್ಲ. ಕಲಿಯಿರಿ, ಚೆನ್ನಾಗಿಯೇ ಕಲಿಯಿರಿ. ಆದರೆ ಕಲಿಯುತ್ತಿರುವುದು ಮಾತನ್ನೋ, ಗಿಳಿಪಾಠವನ್ನೋ? ಅದನ್ನು ಕೇಳಲೇಬೇಕು.

ಪಾಠ ನಡೆಯುವ ಪರಿ

ಪ್ರೆಸ್ಸು ಇಟ್ಟುಕೊಂಡವರಿಗೆ ಒಂದು ಅನುಕೂಲವಿದೆ. ಊರಿನವರು ಏನು ಓದುತ್ತಾರೆ, ಏನು ಓದಿಸುತ್ತಾರೆ ಎನ್ನುವುದು ನಮ್ಮ ಮೇಜಿನ ಮೇಲೇ ಹಾದುಹೋಗುತ್ತದೆ. ಇಂಥ ಕ್ಲಾಸುಗಳ ಪಾಂಪ್ಲೆಟ್ಟು, ಅಭ್ಯಾಸ ಪುಸ್ತಕ ಎಷ್ಟೋ ನಮ್ಮಲ್ಲಿ ಅಚ್ಚಾಗಿವೆ. ಹೆಸರು ಬೇಡ. ಎಲ್ಲದರ ಅಚ್ಚು ಒಂದೇ.

ಮೊದಲು ಹತ್ತು ಪದಗಳ ಪಟ್ಟಿ: ರಿಪ್ಲೇಸ್, ಎಂಪಥಿ, ಪರ್ಸನಲೈಸ್ಡ್ ಲರ್ನಿಂಗ್, ಎಫಿಷಿಯಂಟ್... ಆಮೇಲೆ ಅಭಿಪ್ರಾಯ ಹೇಳುವ ಸಿದ್ಧ ವಾಕ್ಯಗಳು: 'ಇನ್ ಮೈ ಒಪಿನಿಯನ್', 'ಐ ಬೆಗ್ ಟು ಡಿಫರ್'. ಆಮೇಲೆ ಎರಡು ಕಾಲಂ. ಎಡಗಡೆ ಅನುಕೂಲಗಳು: ಮೆಷೀನು ಸುಸ್ತಾಗುವುದಿಲ್ಲ, ರಜೆ ಕೇಳುವುದಿಲ್ಲ, ಇಪ್ಪತ್ತನಾಲ್ಕು ಗಂಟೆಯೂ ದುಡಿಯುತ್ತದೆ. ಬಲಗಡೆ ಅನನುಕೂಲಗಳು: ಮೆಷೀನಿಗೆ ಹೃದಯವಿಲ್ಲ, ಪ್ರೀತಿಯಿಲ್ಲ, ನೀತಿ ಹೇಳುವುದಿಲ್ಲ. ಕೊನೆಗೆ ಎಲ್ಲರೂ ಹೇಳಬೇಕಾದ ಒಂದೇ ತೀರ್ಮಾನ: ಎಐ ಎರಡು ಅಲಗಿನ ಕತ್ತಿ, ಎರಡರ ನಡುವೆ ಬ್ಯಾಲೆನ್ಸ್ ಇರಬೇಕು. ಥ್ಯಾಂಕ್ಯೂ. ಚಪ್ಪಾಳೆ!

ಇದು ಚರ್ಚೆಯೇ? ಇಪ್ಪತ್ತು ಹುಡುಗರು ಇಪ್ಪತ್ತು ಸಲ ಒಂದೇ ಮಾತು ಒಪ್ಪಿಸಿದರೆ ಅದನ್ನು ಚರ್ಚೆ ಎನ್ನುವುದಿಲ್ಲ, ಭಜನೆ ಎನ್ನುತ್ತಾರೆ. ಸಂದರ್ಶನಕ್ಕೆ ಕುಳಿತ ಅಧಿಕಾರಿಗೆ ಇದು ಗೊತ್ತಾಗುವುದಿಲ್ಲವೇ? ಮೂರನೆಯ ಹುಡುಗ 'ಎರಡು ಅಲಗಿನ ಕತ್ತಿ' ಎಂದ ಕೂಡಲೇ ಆತ ಗಡಿಯಾರ ನೋಡುತ್ತಾನೆ.

ಇನ್ನೂ ಒಂದು ತಮಾಷೆ ಇದೆ. ಪದ ಜೋಡಿಸುವುದು, ಸಂಭಾಷಣೆ ಅಭ್ಯಾಸ ಮಾಡಿಸುವುದು, ತಪ್ಪು ವಾಕ್ಯ ತಿದ್ದುವುದು ಈ ಮೆಷೀನಿಗೆ ಎಲ್ಲಕ್ಕಿಂತ ಸಲೀಸಾದ ಕೆಲಸಗಳು. ಅಂದರೆ ಮೆಷೀನು ಮೊದಲು ಕೈ ಹಾಕುವುದು ಯಾರ ಅನ್ನಕ್ಕೆ? ಆ ಮಹಡಿಯ ಮೇಲೆ ನಿಂತು ಪಾಠ ಹೇಳುತ್ತಿರುವ ಸ್ಪೋಕನ್ ಇಂಗ್ಲಿಷ್ ಮೇಷ್ಟ್ರ ಅನ್ನಕ್ಕೇ! ಅವರಲ್ಲಿ ಎಷ್ಟೋ ಜನ ತಾವೂ ಕನ್ನಡ ಮಾಧ್ಯಮದಲ್ಲಿ ಓದಿ, ಕಷ್ಟಪಟ್ಟು ಇಂಗ್ಲಿಷ್ ಕಲಿತು ಮೇಲೆ ಬಂದವರು. ಭಾಷೆ ಕಲಿಸುವ ಡುಯೊಲಿಂಗೊ ಕಂಪನಿಯ ಮುಖ್ಯಸ್ಥ ಲೂಯಿಸ್ ವಾನ್ ಆನ್ 2025ರ ಏಪ್ರಿಲ್‌ನಲ್ಲಿ ತನ್ನ ನೌಕರರಿಗೆ ಬರೆದ ಪತ್ರದಲ್ಲಿ, ಎಐ ಮಾಡಬಲ್ಲ ಕೆಲಸಕ್ಕೆ ಗುತ್ತಿಗೆಯವರನ್ನು ಇಟ್ಟುಕೊಳ್ಳುವುದನ್ನು ಕ್ರಮೇಣ ನಿಲ್ಲಿಸುತ್ತೇವೆ ಎಂದು ಸ್ಪಷ್ಟವಾಗಿಯೇ ಹೇಳಿದ. ಆದ್ದರಿಂದ ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳು ಬಾಯಿಪಾಠ ಒಪ್ಪಿಸುತ್ತಿರುವುದು ನಿಮ್ಮದೇ ಕುರ್ಚಿಯ ವಿಷಯ. ಅದನ್ನು ಎರಡು ಕಾಲಂನಲ್ಲಿ ಮುಗಿಸಬೇಡಿ.

ಹಳೆಯ ಹಾಡು, ಹೊಸ ರಾಗ

ಚರ್ಚೆಗೆ ಬೇಕಾದದ್ದು ಮೊದಲು ಮದ್ದುಗುಂಡು. ಅಂದರೆ ಸಂಗತಿ. ಸಂಗತಿ ಇಲ್ಲದವನ ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೇನು, ಖಾಲಿ ಬಂದೂಕಿಗೆ ಪಾಲಿಶ್ ಮಾಡಿದಂತೆ. ಹಾಗಾಗಿ ಕೆಲವು ಸಂಗತಿಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ.

ಮೇಷ್ಟ್ರನ್ನು ಮೆಷೀನು ಮನೆಗೆ ಕಳಿಸುತ್ತದೆ ಎಂಬ ಮಾತು ಇವತ್ತಿನದಲ್ಲ. 1913ರಲ್ಲೇ ಥಾಮಸ್ ಎಡಿಸನ್, ಇನ್ನು ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯಿತು, ಎಲ್ಲವನ್ನೂ ಚಲನಚಿತ್ರವೇ ಕಲಿಸುತ್ತದೆ, ಹತ್ತು ವರ್ಷದಲ್ಲಿ ಶಾಲೆಯ ರೂಪವೇ ಬದಲು ಎಂದು ಭವಿಷ್ಯ ನುಡಿದಿದ್ದ. ಹತ್ತಲ್ಲ, ನೂರು ವರ್ಷ ಕಳೆಯಿತು. ಪುಸ್ತಕ ಇನ್ನೂ ಅಚ್ಚಾಗುತ್ತಿದೆ. 1950ರ ದಶಕದಲ್ಲಿ ಹಾರ್ವರ್ಡಿನ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 'ಬೋಧನಾ ಯಂತ್ರ' ಎಂಬ ಪೆಟ್ಟಿಗೆಯನ್ನೇ ಮಾಡಿದ. ಮಗು ಉತ್ತರ ಬರೆಯಬೇಕು, ಪೆಟ್ಟಿಗೆ ತಕ್ಷಣ ಸರಿ-ತಪ್ಪು ತೋರಿಸಬೇಕು. ಅದೂ ಅಟ್ಟ ಸೇರಿತು.

ನಮ್ಮ ನಾಡೂ ಇದನ್ನು ಕಂಡಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಪಾಠ ಬಂತು. 'ಸೈಟ್' ಎಂದು ಅದರ ಹೆಸರು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ಬಂತು. ಆಮೇಲೆ ಟ್ಯಾಬ್ಲೆಟ್ಟು, ಸ್ಮಾರ್ಟ್ ಕ್ಲಾಸು, ಆ್ಯಪು. ನಮ್ಮ ಬೆಂಗಳೂರಿನಲ್ಲೇ ಬೆಳೆದ ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಬೆಲೆಬಾಳುತ್ತದೆ ಎನ್ನಿಸಿಕೊಂಡಿತ್ತು. 2024ರಲ್ಲಿ ದಿವಾಳಿ ಪ್ರಕ್ರಿಯೆಯ ಬಾಗಿಲಿಗೆ ಬಂದು ನಿಂತಿತು. ಹಳ್ಳಿಯ ಮೇಷ್ಟ್ರು ಮಾತ್ರ ಬೆಳಗಿನ ಬಸ್ಸಿಗೆ ಹೊರಡುವುದನ್ನು ಬಿಡಲಿಲ್ಲ.

ಹಾಗಾದರೆ ಇದೂ ಅದೇ ಹಾಡೇ? ನಿಲ್ಲಿ. ಇಲ್ಲೇ ಎಚ್ಚರ ಬೇಕು. ಸಿನಿಮಾ ಮಾತಾಡಿತು, ಕೇಳಿಸಿಕೊಳ್ಳಲಿಲ್ಲ. ಟೀವಿ ಪಾಠ ಹೇಳಿತು, ಪ್ರಶ್ನೆಗೆ ಉತ್ತರ ಕೊಡಲಿಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಆ ಕಥೆ ಬದಲಾಯಿತು. ಇದು ಕೇಳಿಸಿಕೊಳ್ಳುತ್ತದೆ, ಉತ್ತರ ಕೊಡುತ್ತದೆ, ನಿನಗೆ ಅರ್ಥವಾಗಲಿಲ್ಲವೇ ಎಂದು ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ನಾಚಿಕೆಯ ಹುಡುಗಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ಹತ್ತು ಸಲ ತಪ್ಪು ಇಂಗ್ಲಿಷ್ ಮಾತಾಡಿದರೂ ನಗುವುದಿಲ್ಲ. ಇದನ್ನು ಸುಮ್ಮನೆ ಗೇಲಿ ಮಾಡಿದರೆ ನಾವೇ ಮೂರ್ಖರಾಗುತ್ತೇವೆ.

ನಾಲ್ಕು ದೇಶ, ನಾಲ್ಕು ಪಾಠ

ಟರ್ಕಿ ದೇಶ ನೋಡಿ. ಅಲ್ಲಿ ಸುಮಾರು ಸಾವಿರ ಹೈಸ್ಕೂಲು ಮಕ್ಕಳನ್ನು ಇಟ್ಟುಕೊಂಡು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಗಣಿತದಲ್ಲಿ ಒಂದು ಪ್ರಯೋಗ ಮಾಡಿದರು. 2024ರಲ್ಲಿ ಫಲಿತಾಂಶ ಹೊರಬಂತು. ಎಐ ಕೈಗೆ ಕೊಟ್ಟು ಲೆಕ್ಕ ಮಾಡಿ ಎಂದಾಗ ಅಭ್ಯಾಸದ ಅಂಕ ಶೇ. 48ರಷ್ಟು ಏರಿತು. ಭಲೇ! ಆದರೆ ಎಐ ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದಾಗ, ಅದನ್ನು ಮುಟ್ಟದೇ ಓದಿದವರಿಗಿಂತ ಶೇ. 17ರಷ್ಟು ಕಡಿಮೆ ಅಂಕ ತೆಗೆದರು. ಊರುಗೋಲು ಕೊಟ್ಟು ಕಾಲು ಕಿತ್ತುಕೊಂಡಂತಾಯಿತು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ, ಮೇಷ್ಟ್ರೇ ಬರೆದ ಸೂಚನೆ ಸೇರಿಸಿದ ಎಐ ಕೊಟ್ಟಿದ್ದರು. ಆ ಗುಂಪಿಗೆ ಈ ಪೆಟ್ಟು ಬೀಳಲಿಲ್ಲ.

ನೈಜೀರಿಯ ನೋಡಿ. 2024ರಲ್ಲಿ ಎಡೋ ರಾಜ್ಯದಲ್ಲಿ ವಿಶ್ವಬ್ಯಾಂಕಿನವರು ಆರು ವಾರ, ಶಾಲೆ ಬಿಟ್ಟ ಮೇಲೆ, ಎಐ ಇಟ್ಟುಕೊಂಡು ಇಂಗ್ಲಿಷ್ ಕಲಿಸಿದರು. ಮಕ್ಕಳು ನಿಜಕ್ಕೂ ಮುಂದೆ ಬಂದರು, ಇಂಗ್ಲಿಷಿನಲ್ಲೂ ಸುಧಾರಿಸಿದರು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಗುರುತು ಹಾಕಿಕೊಳ್ಳಿ: ಆ ಕೋಣೆಯಲ್ಲಿ ಮೇಷ್ಟ್ರು ಇದ್ದರು. ಏನು ಕೇಳಬೇಕು, ಬಂದ ಉತ್ತರವನ್ನು ಹೇಗೆ ನೋಡಬೇಕು ಎಂದು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು.

ದಕ್ಷಿಣ ಕೊರಿಯ ನೋಡಿ. ತಂತ್ರಜ್ಞಾನದಲ್ಲಿ ನಮಗಿಂತ ಎಷ್ಟೋ ಮುಂದಿರುವ ದೇಶ. 2025ರ ಮಾರ್ಚ್‌ನಲ್ಲಿ ಇಂಗ್ಲಿಷ್, ಗಣಿತ, ಕಂಪ್ಯೂಟರ್ ವಿಷಯಗಳಿಗೆ ಎಐ ಪಠ್ಯಪುಸ್ತಕ ತಂದಿತು. ಪೋಷಕರು, ಮೇಷ್ಟ್ರುಗಳು ಪ್ರತಿಭಟಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಅದಕ್ಕಿದ್ದ ಪಠ್ಯಪುಸ್ತಕದ ಸ್ಥಾನವನ್ನೇ ಕಿತ್ತುಹಾಕಿ, ಬೇಕಾದವರು ಬಳಸಿಕೊಳ್ಳುವ ಪೂರಕ ಸಾಮಗ್ರಿಯ ಪಟ್ಟಿಗೆ ಇಳಿಸಿತು. ಒಂದು ಶಾಲಾ ವರ್ಷವೂ ಬಾಳಲಿಲ್ಲ!

ಇನ್ನು ಲಂಡನ್. ಡೇವಿಡ್ ಗೇಮ್ ಕಾಲೇಜು ಎಂಬ ಖಾಸಗಿ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ 20 ಮಕ್ಕಳಿಗೆ 'ಮೇಷ್ಟ್ರಿಲ್ಲದ ತರಗತಿ' ಶುರು ಮಾಡಿತು. ವರ್ಷಕ್ಕೆ ಶುಲ್ಕ ಸುಮಾರು 27 ಸಾವಿರ ಪೌಂಡು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 30 ಲಕ್ಷ ರೂಪಾಯಿ. ಮೇಷ್ಟ್ರಿಲ್ಲ ಎಂದರಲ್ಲ, ಆ 20 ಮಕ್ಕಳ ಜೊತೆ ಯಾರಿದ್ದರು ಗೊತ್ತೇ? 'ಕಲಿಕಾ ತರಬೇತುದಾರರು' ಎಂಬ ಹೆಸರಿನ ಮೂವರು ಮನುಷ್ಯರು! ಹೆಸರು ಬದಲಾಯಿತು, ಮನುಷ್ಯ ಹೋಗಲಿಲ್ಲ. ಸಿರಿವಂತರ ಮಕ್ಕಳ 'ಮೇಷ್ಟ್ರಿಲ್ಲದ' ಕೋಣೆಯಲ್ಲಿ ಏಳು ಮಕ್ಕಳಿಗೆ ಒಬ್ಬ ಮನುಷ್ಯ. ನಮ್ಮ ಸರ್ಕಾರಿ ಶಾಲೆಯಲ್ಲಿ?

ನಿಜವಾದ ಪ್ರಶ್ನೆ ಇಲ್ಲಿದೆ

ನಮ್ಮಲ್ಲಿ ಲೆಕ್ಕ ಬೇರೆಯೇ. ಈ ದೇಶದಲ್ಲಿ ಒಬ್ಬರೇ ಮೇಷ್ಟ್ರಿರುವ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚು ಎಂದು ಕೇಂದ್ರ ಸರ್ಕಾರದ ಅಂಕಿ-ಅಂಶವೇ ಹೇಳುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳು ಹತ್ತಾರು ಸಾವಿರ ಅತಿಥಿ ಶಿಕ್ಷಕರ ಹೆಗಲ ಮೇಲೆ ನಿಂತಿವೆ. ಅತಿಥಿ ಎಂಬ ಹೆಸರು ನೋಡಿ, ಎಂಥ ಚಂದ! ನಮ್ಮ ಮನೆಗೆ ಬಂದ ಅತಿಥಿಗೆ ಊಟ ಹಾಕುತ್ತೇವೆ. ಇಲ್ಲಿ ಅತಿಥಿಯೇ ಮಕ್ಕಳಿಗೆ ವಿದ್ಯೆ ಬಡಿಸಿ, ತನ್ನ ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇಡೀ ಜಗತ್ತಿನಲ್ಲೇ 2030ರ ಹೊತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು ಎಂದು ಯುನೆಸ್ಕೋ ಲೆಕ್ಕ ಹಾಕಿದೆ.

ಆದ್ದರಿಂದ 'ಮೆಷೀನು ಮೇಷ್ಟ್ರನ್ನು ಓಡಿಸುತ್ತದೆಯೇ' ಎನ್ನುವುದು ಲಂಡನ್ನಿನ ಪ್ರಶ್ನೆ. ನಮ್ಮ ಪ್ರಶ್ನೆ ಇದು: ಮೇಷ್ಟ್ರೇ ಇಲ್ಲದ ಖಾಲಿ ಕುರ್ಚಿಯ ಮೇಲೆ ಮೆಷೀನು ಇಟ್ಟು, ಆ ಹುದ್ದೆ ತುಂಬಿತು ಎಂದು ಯಾರಾದರೂ ಕೈ ತೊಳೆದುಕೊಳ್ಳುತ್ತಾರೆಯೇ? ಕೆಲಸದಿಂದ ತೆಗೆಯುವುದು ಕಷ್ಟ, ಗಲಾಟೆಯಾಗುತ್ತದೆ. ನೇಮಕವನ್ನೇ ಮಾಡದಿರುವುದು ಸುಲಭ, ಸದ್ದೇ ಆಗುವುದಿಲ್ಲ. ಡಿ.ಎಡ್., ಬಿ.ಎಡ್. ಮಾಡಿ ನೇಮಕಾತಿಗೆ ಕಾಯುತ್ತಿರುವ ಲಕ್ಷಾಂತರ ಕನ್ನಡದ ಯುವಕ ಯುವತಿಯರು ಇದನ್ನು ಬೇಗ ಅರ್ಥಮಾಡಿಕೊಳ್ಳಬೇಕು. ಮೆಷೀನು ಕೈಯಿಂದ ಕೆಲಸ ಕಿತ್ತುಕೊಳ್ಳಬೇಕೆಂದೇನೂ ಇಲ್ಲ, ಕೆಲಸ ಹುಟ್ಟದಂತೆ ಮಾಡಿದರೂ ಸಾಕು.

'ಮೆಷೀನು ಮಾಡಬಹುದಾದ ಪಾಠವನ್ನಷ್ಟೇ ಮಾಡುವ ಮೇಷ್ಟ್ರು ಹೋದರೆ ಹೋಗಲಿ ಬಿಡಿ' ಎಂದು ಜಾಣತನದ ಮಾತಾಡುವವರಿದ್ದಾರೆ. ಕೇಳಲು ಸೊಗಸು. ಆದರೆ ಆ ಮೇಷ್ಟ್ರು ಏನೇನು ಮಾಡುತ್ತಾರೆ ಎಂದು ಲೆಕ್ಕ ಇಟ್ಟಿದ್ದೀರಾ? ಮೂರು ದಿನದಿಂದ ಬಾರದ ಹುಡುಗಿಯ ಮನೆಗೆ ಹೋಗಿ ಅಪ್ಪನನ್ನು ತರಾಟೆಗೆ ತೆಗೆದುಕೊಳ್ಳುವುದು, ಮದುವೆ ಮಾಡಲು ಹೊರಟವರನ್ನು ತಡೆಯುವುದು, ಬಿಸಿಯೂಟದ ಅಕ್ಕಿ ನೋಡುವುದು, ಕನ್ನಡಕ ಬೇಕಾದ ಮಗುವನ್ನು ಮುಂದಿನ ಸಾಲಿಗೆ ಕೂರಿಸುವುದು. ಇದು ಪಾಠದ ಪಟ್ಟಿಯಲ್ಲಿಲ್ಲ. ಆದರೆ ಇದಿಲ್ಲದೆ ಪಾಠವೇ ನಡೆಯುವುದಿಲ್ಲ.

ಮೊಳೆ ಜೋಡಿಸುವವರ ಕಥೆ

ನಾನು ಓದಿದ್ದು ಪಿಯುಸಿ. ತೊಂಬತ್ತರ ದಶಕದ ಕೊನೆಗೆ ಪ್ರೆಸ್ಸಿನ ಕೆಲಸಕ್ಕೆ ಬಂದಾಗ ಮೂಲೆಯಲ್ಲಿ ಟ್ರೆಡಲ್ ಮೆಷೀನು ಇನ್ನೂ ಇತ್ತು, ಅಚ್ಚುಮೊಳೆಯ ಕೇಸುಗಳೂ ಇದ್ದವು. ಅಕ್ಷರ, ಒತ್ತಕ್ಷರ, ಗುಣಿತ ಎಲ್ಲಕ್ಕೂ ಬೇರೆ ಬೇರೆ ಖಾನೆ. ಕಂಪೋಸಿಟರ್ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಮೊಳೆ ಬೆರಳಿಗೆ ಸಿಗುತ್ತಿತ್ತು. ಡಿಟಿಪಿ ಬಂತು. ಕೆಲವೇ ವರ್ಷಗಳಲ್ಲಿ ಆ ಕೈಗಳಿಗೆ ಕೆಲಸವಿಲ್ಲದಂತಾಯಿತು. ಹೃದಯವಿಲ್ಲದ ಮೆಷೀನು ಮನುಷ್ಯನನ್ನು ಗೆಲ್ಲುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನನ್ನ ಕಣ್ಣೆದುರೇ ಗೆದ್ದಿದೆ.

ಆದರೆ ಉಳಿದವರು ಯಾರು? ಬರೀ ಕೈಚಳಕ ಇದ್ದವರು ಮನೆಗೆ ಹೋದರು. ಕಾಗುಣಿತ ತಪ್ಪಿದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದವರು, ವಾಕ್ಯ ಸೊಟ್ಟಗಿದ್ದರೆ ಲೇಖಕರಿಗೇ ಹೇಳುತ್ತಿದ್ದವರು ಪ್ರೂಫ್ ನೋಡುತ್ತಾ, ಪುಟ ಕಟ್ಟುತ್ತಾ ಉಳಿದರು. ಕೈ ಹೋಯಿತು, ಕಣ್ಣು ಹೋಗಲಿಲ್ಲ. ಭಾಷೆ ಬಲ್ಲವನು ಉಳಿದ.

ಇನ್ನೊಂದು ಸಂಗತಿಯೂ ಇದೆ. ಕಂಪ್ಯೂಟರಿಗೆ ಕನ್ನಡ ತಾನಾಗಿ ಬರಲಿಲ್ಲ. ಕೆ.ಪಿ. ರಾವ್ ಅವರಂಥವರು ಕೀಲಿಮಣೆಯ ವಿನ್ಯಾಸ ಮಾಡಿದರು. 1998ರಲ್ಲಿ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದರು. ಯಾರೋ ಕೂತು ಬೆವರು ಸುರಿಸಿದ್ದರಿಂದ ಮೆಷೀನು ಕನ್ನಡ ಕಲಿಯಿತು. ಈಗಿನ ಮೆಷೀನಿಗೂ ಇದೇ ಮಾತು.

ಮೆಷೀನಿನ ಹೊಟ್ಟೆಯಲ್ಲಿ ಕನ್ನಡ ಎಷ್ಟು?

ಇದು ಬರೀ ಭಾವನೆಯ ಮಾತಲ್ಲ, ಲೆಕ್ಕದ ಮಾತು. ಇಂಗ್ಲಿಷಿನ 'ಟೀಚರ್' ಪದಕ್ಕೆ ಏಳು ಅಕ್ಷರ. ಕಂಪ್ಯೂಟರಿನ ಒಳಗೆ ಸಾಮಾನ್ಯ ಬಳಕೆಯ ಯುಟಿಎಫ್-8 ಪದ್ಧತಿಯಲ್ಲಿ ಅದು 7 ಬೈಟು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು, ಒತ್ತು, ಗುಣಿತ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಪ್ರತ್ಯೇಕ ಸಂಕೇತ. ಹಾಗಾಗಿ 'ಶಿಕ್ಷಕ' ಎಂಬ ಮೂರಕ್ಷರ 18 ಬೈಟು. ನಮ್ಮ 'ಮೇಷ್ಟ್ರು' 24 ಬೈಟು! ಎಐ ಮೆಷೀನುಗಳು ಪಠ್ಯವನ್ನು ಚೂರು ಚೂರು ಮಾಡಿ ನುಂಗುತ್ತವೆ. ಆ ಚೂರಿನ ಲೆಕ್ಕದಲ್ಲೇ ದುಡ್ಡು. ಇಂಗ್ಲಿಷ್ ಹೆಚ್ಚು ಓದಿ ಬೆಳೆದ ಮೆಷೀನು ಇಂಗ್ಲಿಷ್ ಪದವನ್ನು ಇಡಿಯಾಗಿ ನುಂಗುತ್ತದೆ, ಕನ್ನಡ ಪದವನ್ನು ಹೆಚ್ಚು ಚೂರು ಮಾಡುತ್ತದೆ. ಅದೇ ಮಾತಿಗೆ ಹೆಚ್ಚು ಹೊತ್ತು, ಹೆಚ್ಚು ಖರ್ಚು. ಇತ್ತೀಚಿನ ಮೆಷೀನುಗಳಲ್ಲಿ ಈ ಅಂತರ ತಗ್ಗಿದೆ, ಹೋಗಿಲ್ಲ.

ಓದಲು ಸಿಕ್ಕಿದ್ದಾದರೂ ಎಷ್ಟು? ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳ ಸಂಖ್ಯೆ 2025ರಲ್ಲಿ 70 ಲಕ್ಷ ದಾಟಿತು. ಕನ್ನಡದ್ದು ಮೂವತ್ತು ಸಾವಿರದ ಆಚೀಚೆ. 2011ರ ಜನಗಣತಿಯಂತೆ ಕನ್ನಡವನ್ನು ತಾಯಿನುಡಿ ಎಂದವರು 4.37 ಕೋಟಿ ಜನ. ಜನಕ್ಕೆ ಬರವಿಲ್ಲ, ಬರವಣಿಗೆಗೆ ಬರ! ಮದ್ರಾಸ್ ಐಐಟಿಯ 'ಎಐ4ಭಾರತ್', ಕೇಂದ್ರ ಸರ್ಕಾರದ 'ಭಾಷಿಣಿ', ಬೆಂಗಳೂರಿನ 'ಸರ್ವಂ' ಮೊದಲಾದವರು ಭಾರತೀಯ ಭಾಷೆಗಳಿಗೆ ಕೆಲಸ ಮಾಡುತ್ತಿದ್ದಾರೆ. ಒಳ್ಳೆಯದೇ. ಆದರೆ ನಮ್ಮ ವಿಶ್ವವಿದ್ಯಾಲಯಗಳ, ಅಕಾಡೆಮಿಗಳ ಗೋದಾಮಿನಲ್ಲಿ ಗೆದ್ದಲು ಹಿಡಿಯುತ್ತಿರುವ ಕನ್ನಡ ಪುಸ್ತಕಗಳನ್ನು ಮೆಷೀನಿಗೆ ಓದಿಸುವವರು ಯಾರು?

ಈಗ ಒಂದು ಹಳೆಯ ಜಗಳ ನೆನಪಿಸಿಕೊಳ್ಳಿ. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜಕುಮಾರ್ ಬೀದಿಗಿಳಿದದ್ದು ಶಾಲೆಯಲ್ಲಿ ಕನ್ನಡದ ಸ್ಥಾನ ಯಾವುದು ಎಂಬ ಪ್ರಶ್ನೆಗೆ. 1994ರಲ್ಲಿ ಸರ್ಕಾರ ಪ್ರಾಥಮಿಕ ಶಿಕ್ಷಣ ತಾಯಿನುಡಿಯಲ್ಲಿ ಎಂದು ಆದೇಶ ಮಾಡಿತು. ಇಪ್ಪತ್ತು ವರ್ಷ ಕೋರ್ಟು ಸುತ್ತಿ, 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮ ಆರಿಸುವ ಹಕ್ಕು ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಎಂದಿತು. ಆ ತೀರ್ಪು ನಮಗೆ ಕಹಿ. ಆದರೂ ಕೇಳೋಣ: ನಾಳೆ ಮೇಷ್ಟ್ರ ಜಾಗಕ್ಕೆ ಮೆಷೀನು ಬಂದರೆ ಮಾಧ್ಯಮ ಆರಿಸುವವರು ಯಾರು? ಪೋಷಕರೂ ಅಲ್ಲ, ಸರ್ಕಾರವೂ ಅಲ್ಲ. ಎಲ್ಲೋ ಸಾವಿರಾರು ಮೈಲಿ ದೂರದಲ್ಲಿ ಮೆಷೀನು ಕಟ್ಟಿದವನು! ಯಾವ ಭಾಷೆಯಲ್ಲಿ ಅದು ಚೆನ್ನಾಗಿ ಪಾಠ ಹೇಳುತ್ತದೆಯೋ ಆ ಭಾಷೆಗೆ ಮಕ್ಕಳು ತಾವಾಗಿ ಜಾರುತ್ತಾರೆ. ಆದೇಶ ಬೇಕಿಲ್ಲ, ಕೋರ್ಟು ಬೇಕಿಲ್ಲ.

ಹೇಗೆ ಕಲಿಸಬೇಕು?

ಬರೀ ಬೈದು ಮುಗಿಸುವುದು ಸುಲಭ. ಸ್ಪೋಕನ್ ಇಂಗ್ಲಿಷ್ ಮೇಷ್ಟ್ರುಗಳಿಗೆ, ಕಲಿಯುವ ಗೆಳೆಯರಿಗೆ ನಮ್ಮ ಸಲಹೆ ಕೇಳಿ.

ಮೊದಲನೆಯದು, ಹದಿನೈದು ನಿಮಿಷ ಕನ್ನಡದಲ್ಲಿ ಜಗಳ ಆಡಿ. ಹೌದು, ಇಂಗ್ಲಿಷ್ ಕ್ಲಾಸಿನಲ್ಲೇ! 'ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ' ಎಂಬ ಬೋರ್ಡು ಕಿತ್ತು ಬಿಸಾಕಿ. ಯೋಚನೆ ಹುಟ್ಟುವುದು ತಾಯಿನುಡಿಯಲ್ಲಿ, ಅದು ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ಹೊರಡಲಿ. ಇದು ನಮ್ಮ ಅಭಿಮಾನದ ಕಲ್ಪನೆಯಲ್ಲ. ಇಂಗ್ಲಿಷಿನ ನೆರಳಿನಲ್ಲೇ ತಮ್ಮ ಭಾಷೆ ಉಳಿಸಿಕೊಳ್ಳಲು ಹೋರಾಡಿದ ವೇಲ್ಸ್ ನಾಡಿನಲ್ಲಿ, ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಮಾತಾಡಿಸುವ ಪದ್ಧತಿಗೆ ಕೆನ್ ವಿಲಿಯಮ್ಸ್ ಎಂಬ ಶಿಕ್ಷಣತಜ್ಞ 1994ರಲ್ಲೇ ಹೆಸರು ಕೊಟ್ಟರು. ಇವತ್ತು ಅದು 'ಟ್ರಾನ್ಸ್‌ಲ್ಯಾಂಗ್ವೇಜಿಂಗ್' ಎಂದು ಜಗತ್ತಿನ ಭಾಷಾ ಬೋಧಕರೆಲ್ಲ ಬಲ್ಲ ಮಾತು. ನಮ್ಮ ಮಹಡಿ ಕ್ಲಾಸುಗಳಿಗೆ ಮಾತ್ರ ಸುದ್ದಿ ಬಂದಿಲ್ಲ.

ಎರಡನೆಯದು, ಪ್ರಶ್ನೆಯನ್ನು ನೆಲಕ್ಕಿಳಿಸಿ. 'ಎಐ ಒಳ್ಳೆಯದೋ ಕೆಟ್ಟದ್ದೋ' ಎಂದು ಕೇಳಬೇಡಿ. ಹೀಗೆ ಕೇಳಿ: ಒಂದು ಸರ್ಕಾರಿ ಶಾಲೆ, ಐದು ತರಗತಿ, ಒಬ್ಬರೇ ಮೇಷ್ಟ್ರು. ದಾನಿಯೊಬ್ಬರು ಎರಡು ಲಕ್ಷ ರೂಪಾಯಿ ಕೊಟ್ಟಿದ್ದಾರೆ. ಆ ದುಡ್ಡಲ್ಲಿ ಎಐ ಇರುವ ಟ್ಯಾಬ್ಲೆಟ್ಟು ತರಬೇಕೋ, ಇನ್ನೊಬ್ಬ ಶಿಕ್ಷಕಿಯನ್ನು ಗೌರವಧನಕ್ಕೆ ಇಟ್ಟುಕೊಳ್ಳಬೇಕೋ? ಒಬ್ಬ ಎಸ್‌ಡಿಎಂಸಿ ಅಧ್ಯಕ್ಷನಾಗಲಿ, ಒಬ್ಬಳು ಮುಖ್ಯೋಪಾಧ್ಯಾಯಿನಿಯಾಗಲಿ, ಒಬ್ಬ ಟ್ಯಾಬ್ಲೆಟ್ಟು ಮಾರಲು ಬಂದವನಾಗಲಿ, ಒಬ್ಬಳು ಐದನೇ ತರಗತಿಯ ಹುಡುಗಿಯಾಗಲಿ. ಆಗ ನೋಡಿ, ನಾಲಿಗೆ ಹೇಗೆ ಬಿಚ್ಚುತ್ತದೆ! ಹೇಳಲೇಬೇಕಾದ ಮಾತಿದ್ದಾಗ ಮನುಷ್ಯ ತಪ್ಪು ಇಂಗ್ಲಿಷಿನಲ್ಲಾದರೂ ಹೇಳುತ್ತಾನೆ. ತಪ್ಪನ್ನು ಆಮೇಲೆ ತಿದ್ದಿಕೊಳ್ಳಬಹುದು, ಮಾತೇ ಇಲ್ಲದವನಿಗೆ ತಿದ್ದಲು ಏನಿದೆ?

ಮೂರನೆಯದು, ಒಂದು ಸಂಗತಿ ಇಲ್ಲದೆ ಒಂದು ಅಭಿಪ್ರಾಯವೂ ಬೇಡ. ಟರ್ಕಿಯ ಅಂಕ ಹೇಳಿ, ಕೊರಿಯದ ಕಥೆ ಹೇಳಿ, ಚಾಮರಾಜನಗರದ ಎಜುಸ್ಯಾಟ್ ಹೇಳಿ. 'ಐ ಥಿಂಕ್' ಎಂದ ಮೇಲೆ 'ಬಿಕಾಸ್' ಬರಲೇಬೇಕು. ನಮಗೆ ವಿರುದ್ಧವಾದ ಸಂಗತಿಯನ್ನೂ ಬಚ್ಚಿಡಬೇಡಿ. ನೈಜೀರಿಯದ ಮಕ್ಕಳು ಮುಂದೆ ಬಂದದ್ದು ನಿಜ. ಅದನ್ನು ಒಪ್ಪಿಕೊಂಡು ಆಮೇಲೆ ವಾದ ಮಾಡುವವನೇ ಗಟ್ಟಿಗ.

ನಾಲ್ಕನೆಯದು, ಮೆಷೀನನ್ನೇ ಕಟಕಟೆಗೆ ಹತ್ತಿಸಿ. ಮೊಬೈಲು ಎಲ್ಲರ ಕೈಲೂ ಇದೆ. ಒಂದೇ ಪ್ರಶ್ನೆಯನ್ನು ಅದಕ್ಕೆ ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲೂ ಕೇಳಿ. ಎರಡೂ ಉತ್ತರ ಪಕ್ಕಪಕ್ಕ ಇಟ್ಟು ಹೋಲಿಸಿ. ಕನ್ನಡದಲ್ಲಿ ಎಲ್ಲಿ ತಡವರಿಸಿತು, ಇಂಗ್ಲಿಷಿನಲ್ಲಿ ಎಲ್ಲಿ ಧೈರ್ಯವಾಗಿ ಸುಳ್ಳು ಹೇಳಿತು, ಹುಡುಕಿ. ಹುಡುಕಿದ್ದನ್ನು ಇಂಗ್ಲಿಷಿನಲ್ಲಿ ವಿವರಿಸಿ. ಇದಕ್ಕಿಂತ ಒಳ್ಳೆಯ ಪಾಠ ಯಾವ ಗೈಡಿನಲ್ಲೂ ಇಲ್ಲ. ಮೇಷ್ಟ್ರೇ, ಆ ಪಾಠ ನಡೆಸಲು ನೀವು ಬೇಕೇ ಬೇಕು. ಎರಡು ಕಾಲಂ ಬರೆಸಲು ಬೇಕಿಲ್ಲ.

ಸರ್ಕಾರಕ್ಕೆ ನಾಲ್ಕು ಮಾತು

ಮೇಷ್ಟ್ರ ಹುದ್ದೆ ಖಾಲಿ ಇರುವ ಶಾಲೆಗೆ ಎಐ ಸಲಕರಣೆ ಹೋಗಕೂಡದು. ಮೊದಲು ಮನುಷ್ಯ, ಆಮೇಲೆ ಮೆಷೀನು. ನಮ್ಮ ಮಕ್ಕಳಿಗೆ ಕೊಡುವ ಯಾವುದೇ ಎಐ ಕನ್ನಡದಲ್ಲಿ ಎಷ್ಟು ಸರಿಯಾಗಿ ಪಾಠ ಹೇಳುತ್ತದೆ ಎಂದು ನಮ್ಮ ಮೇಷ್ಟ್ರುಗಳೇ ಪರೀಕ್ಷೆ ಮಾಡಬೇಕು, ಆ ಫಲಿತಾಂಶವನ್ನು ಜನರ ಮುಂದೆ ಇಡಬೇಕು. ಸಾರ್ವಜನಿಕರ ತೆರಿಗೆ ದುಡ್ಡಿನಲ್ಲಿ ಅಚ್ಚಾದ ಕನ್ನಡ ಪುಸ್ತಕ, ಪಠ್ಯ, ಕೋಶಗಳನ್ನು ಯಾರು ಬೇಕಾದರೂ ಬಳಸುವಂತೆ ಗಣಕಕ್ಕೆ ಏರಿಸಬೇಕು. ಇನ್ನು ಸರ್ಕಾರಿ ಶಾಲೆಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಗಟ್ಟಿಯಾಗಿ ಕಲಿಸಿದರೆ, ಡಿಗ್ರಿ ಮುಗಿಸಿದ ಹುಡುಗ ಸಂಜೆ ಆರಕ್ಕೆ ದುಡ್ಡು ಕಟ್ಟಿ ಮಹಡಿ ಹತ್ತುವ ಗತಿ ಬರುವುದಿಲ್ಲ. ಮಾಧ್ಯಮ ಬದಲಿಸುವುದು ಬೇರೆ, ಭಾಷೆ ಕಲಿಸುವುದು ಬೇರೆ. ಈ ಎರಡನ್ನೂ ಕಲಸಿ ಜನರ ಕಣ್ಣಿಗೆ ಮಣ್ಣೆರಚುವ ಆಟ ನಿಲ್ಲಲಿ.

ಗೆಳೆಯರೇ, ಈ ವಾರ ನಿಮ್ಮ ಕ್ಲಾಸಿನಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. 'ವಿಲ್ ಎಐ ರಿಪ್ಲೇಸ್ ಟೀಚರ್ಸ್?' ಎರಡು ಅಲಗಿನ ಕತ್ತಿಯನ್ನು ಒರೆಯಲ್ಲೇ ಬಿಡಿ. ಎದ್ದು ನಿಂತು ಮರುಪ್ರಶ್ನೆ ಹಾಕಿ: ಯಾವ ಮೇಷ್ಟ್ರನ್ನು? ಯಾರ ಮಕ್ಕಳ ಮೇಷ್ಟ್ರನ್ನು? ಯಾವ ಭಾಷೆಯಲ್ಲಿ? ಯಾರ ದುಡ್ಡಿನಲ್ಲಿ? ಈ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿ. ವ್ಯಾಕರಣ ಒಂದಿಷ್ಟು ಆಚೀಚೆಯಾದರೂ ಚಿಂತೆಯಿಲ್ಲ. ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.